ನರಸಿಂಹಪ್ಪನವರ ಎರಡು ರೂಪಾಯಿ

"ಕಣ್ಣಿಗೆ ಹತ್ರ ಹಿಡ್ಕಳಿ... ಇನ್ನೂ ಹತ್ರ! ಹಾಂ, ಈಗ ನಾಣ್ಯನ ಮೇಲಕ್ಕೆ ತನ್ನಿ!"

ಬೀರೇಶ್ ತನ್ನ ಸಂಗ್ರಹದ ಒಂದು ರೂಪಾಯಿಯನ್ನೂ ಭೂತಗನ್ನಡಿಯನ್ನೂ ಅವಳ ಅಂಗೈಗೆ ಇಟ್ಟ. ಬೆರಳು ತಗುಲಿತು. ಮುನಿಲಕ್ಷ್ಮಿಗೆ ನಾಣ್ಯಕ್ಕಿಂತ ಮೊದಲು ಕಂಡದ್ದು ಆ ಬೆರಳುಗಳೇ. ಕಬ್ಬಿಣ ಕಡೆಯುವ ಅವನ ಲೇತ್ ಅಂಗಡಿಯ ಎಣ್ಣೆಗಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

"ಏನಾದ್ರೂ ಕಾಣಿಸ್ತಾ?"

"ಹೂಂ... ಸಿಂಹದ ಪಕ್ಕ ಏನೋ ಗೆರೆ ಐತೆ. ನೆರಳಿದ್ದಂಗೆ!"

ಬೀರೇಶ್ ನಕ್ಕ. "ಟಂಕಸಾಲೆಲಿ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು ಇರ್ತವೆ. ಮಧ್ಯೆ ಲೋಹದ ಬಿಲ್ಲೆ ಬರ್ಬೇಕು. ಒಂದೊಂದು ಸಲ ಬಿಲ್ಲೆ ಬರಾಕಿಲ್ಲ. ಅಚ್ಚಿಗೆ ಅಚ್ಚೇ ಬಡ್ಕೊಂಡ್ಬುಡ್ತದೆ! ಆಮೇಲೆ ಆ ಅಚ್ಚಲ್ಲಿ ಹೊಡೆದ ನಾಣ್ಯಕ್ಕೆಲ್ಲ ಹಿಂದಿನ ಚಿತ್ರದ ಗುರುತು ಮುಂದಕ್ಕೆ ಬತ್ತದೆ. ಕನ್ನಡಿಲಿ ನೋಡ್ದಂಗೆ, ಉಲ್ಟಾ."

ಎಷ್ಟು ತಾಳ್ಮೆಯಿಂದ ಹೇಳ್ತಾನೆ ಈ ಮನುಷ್ಯ... ಅಂದುಕೊಂಡಳು ಅವಳು. ನೋಡಿ ಮುಗಿದರೂ ಭೂತಗನ್ನಡಿಯನ್ನು ಹಿಂದಿರುಗಿಸಲಿಲ್ಲ.

ಅದು ಹೊಸೂರಿನ ಒಂದು ಕಲ್ಯಾಣ ಮಂಟಪ. ನಾಣ್ಯ ಸಂಗ್ರಹಿಸುವವರೆಲ್ಲ ಆ ಭಾನುವಾರ ಅಲ್ಲಿ ಸೇರಿದ್ದರು. ತಂದ ನಾಣ್ಯ ಅಸಲಿಯೋ ನಕಲಿಯೋ ಎಂದು ಹೇಳುವವನು ಜೂಜುವಾಡಿಯ ಬೀರೇಶ್. ಮುನಿಲಕ್ಷ್ಮಿ ಆಲಸನತ್ತದಿಂದ ಅಪ್ಪನ ಜೊತೆ ಬಂದಿದ್ದಳು.

ಅಪ್ಪ ನರಸಿಂಹಪ್ಪ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಎಷ್ಟೋ ವರ್ಷಗಳ ಹಿಂದೆ ಯಾರೋ ಪ್ರಯಾಣಿಕ ಕೊಟ್ಟ ಎರಡು ರೂಪಾಯಿಯಲ್ಲಿ, ಸಿಂಹಗಳ ಪಕ್ಕ ಭಾರತದ ನಕ್ಷೆ ತಿರುಗಾಮುರುಗಾ ಕಂಡಿತ್ತು. ಶುಭವೆಂದು ದೇವರ ಗೂಡಿನಲ್ಲಿ ಲಕ್ಷ್ಮಿಯ ಮುಂದೆ ಇಟ್ಟಿದ್ದರು. ಅದಕ್ಕೂ ಒಂದು ಹೆಸರಿದೆ, ಅದನ್ನು ಹುಡುಕುವ ಜನರಿದ್ದಾರೆ ಎಂದು ತಿಳಿದದ್ದು ಈಚೆಗೆ. ಇಸ್ತ್ರಿ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರಂತೆ ಹೊರಟು ಬಂದಿದ್ದರು.

"ನೋಡಪ್ಪಾ, ನಂದೂ ಒಂದೈತೆ!" ಎಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು.

ಆ ಬೆಳಿಗ್ಗೆಯಷ್ಟೇ ಬೀರೇಶ್ ಇಬ್ಬರು ಮೋಸಗಾರರನ್ನು ಹಿಡಿದಿದ್ದ. ಹಿಂದೆ ಸಾಲು ಬೆಳೆದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

"ಇದು ಅಸಲಿ ಅಲ್ಲ ಯಜಮಾನ್ರೇ," ಎಂದ, ಅರೆಕ್ಷಣ ನೋಡಿ. "ಸಿಂಹದ ಮುಖ ಚಪ್ಪಟೆ ಆಗೈತೆ. ಅಚ್ಚು ಬಡ್ಕೊಂಡ್ರೆ ಉಬ್ಬಿದ ಭಾಗಕ್ಕೆ ಏನೂ ಆಗಲ್ಲ. ಎರಡು ನಾಣ್ಯ ಸೇರ್ಸಿ, ಕಬ್ಬಿಣ ಬಿಗಿಯೋ ವೈಸ್‌ಗೆ ಹಾಕಿ ಒತ್ತವ್ರೆ. ದಿನಾ ವೈಸ್ ತಿರುಗ್ಸೋನು ನಾನು, ನಂಗೊತ್ತಾಗಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಡೂಪ್ಲಿಕೇಟ್ ಪಾ!"

ಮೂವತ್ತು ವರ್ಷ ಒಂದು ಟಿಕೆಟ್ ಕೂಡ ತಪ್ಪಿಸದ ಮನುಷ್ಯ ನರಸಿಂಹಪ್ಪ, ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿ ಹೊರಗೆ ನಡೆದರು.

ಅಂದಿನಿಂದ ಅವರು ಬೀದಿಯ ಅಂಗಡಿಗೂ ಹೋಗಲಿಲ್ಲ. ಮಾಮೂಲಿ ಟೀ ಗೆಳೆಯರು ಕರೆದರೆ "ಮೈ ಸರಿಯಿಲ್ಲ" ಎಂದರು. ಮೂರು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಹನ್ನೊಂದನೇ ದಿನ ಬೀರೇಶ್ ಬಾಗಿಲಿಗೆ ಬಂದ.

"ಯಾಕ್ ಬಂದೆ?" ಮುನಿಲಕ್ಷ್ಮಿಯ ಧ್ವನಿ ಇಡೀ ಬೀದಿಗೆ ಕೇಳಿತು. "ಸತ್ತನೋ ಇಲ್ವೋ ನೋಡಾಕಾ? ಕಳ್ಳ ಅನ್ನೋ ಹೆಸ್ರು ಹೊತ್ಕೊಂಡು ಹೋದ ನಮ್ಮಪ್ಪ! ಕೊಂದವನು ನೀನು!"

ಬೀರೇಶ್ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ಕೈ ಮುಗಿದು ಹಾಗೇ ಹಿಂದಿರುಗಿದ.

ಒಂದು ಮಾತೂ ಇಲ್ಲ! ತಪ್ಪಾಯ್ತು ಅನ್ನೋಕೂ ನಾಲಿಗೆ ಬರಲಿಲ್ಲವಲ್ಲ!

ಆ ಮೌನ ಅವಳನ್ನು ಸುಟ್ಟಿತು. ಸುಟ್ಟಿತು ನಿಜ, ಆದರೆ... ದಿನಾ ಅತ್ತಿಬೆಲೆ ಕಡೆಯ ಫ್ಯಾಕ್ಟರಿಗೆ ಹೋಗುವಾಗ ಜೂಜುವಾಡಿಯಲ್ಲಿ ಬಸ್ಸು ಲಾರಿಗಳ ಹಿಂದೆ ನಿಂತರೆ, ಅವಳ ಕಣ್ಣು ತಾನಾಗಿ ಆ ಲೇತ್ ಅಂಗಡಿಯತ್ತ ಹೋಗುತ್ತಿತ್ತು. ಬೀಗ ಹಾಕಿದ್ದರೆ ಎಲ್ಲಿ ಹೋದ ಎನ್ನಿಸುತ್ತಿತ್ತು. ದ್ವೇಷಿಸುವವನನ್ನು ದಿನಾ ಹುಡುಕುವ ಕಣ್ಣಿಗೆ ಏನೆನ್ನಬೇಕು? ತನ್ನ ಮೇಲೇ ಅವಳಿಗೆ ಹೇಸಿಗೆಯಾಗುತ್ತಿತ್ತು.

"ಆ ಹುಡ್ಗ ಅರೆಹುಚ್ಚ ಆಗವ್ನಂತೆ ಕಣೇ," ಎಂದರು ಅಮ್ಮ ಅಕ್ಕಯಮ್ಮ ಒಂದು ದಿನ. "ಅಂಗಡಿ ಮುಚ್ಕೊಂಡು ಊರೂರು ತಿರುಗ್ತಾನಂತೆ. ಪೆಟ್ಟಿಗೆ ಅಂಗಡಿ, ದೇವಸ್ಥಾನ, ಎಲ್ಲಿ ಚಿಲ್ಲರೆ ಇದ್ರೂ ಸುರ್ಕೊಂಡು ಹುಡುಕ್ತಾನಂತೆ."

"ಅವನ ಹೆಸ್ರು ಎತ್ತಬ್ಯಾಡಮ್ಮ!"

ವರ್ಷ ತುಂಬಿತು.

ತಿಥಿಯ ದಿನ, ಬಂದ ನೆಂಟರೆಲ್ಲ ಹೊರಟ ಮೇಲೆ, ಮುನಿಲಕ್ಷ್ಮಿ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು. ಬೀರೇಶ್ ಬಂದು ಅಂಗಳದಲ್ಲಿ ನಿಂತ. ಸೊರಗಿದ್ದ. ಗಡ್ಡ ಬೆಳೆದಿತ್ತು. ಬೈಯಬೇಕೆಂದು ಎದ್ದು ನಿಂತಳು.

"ಇದನ್ನ ನೋಡ್ಬುಡಿ. ಆಮೇಲೆ ಹೋಗು ಅನ್ನಿ, ಹೋಯ್ತೀನಿ."

ಕಾಗದ ಬಿಚ್ಚಿದ. ಒಳಗೆ ಒಂದು ಎರಡು ರೂಪಾಯಿ. ಸಿಂಹಗಳ ಪಕ್ಕ ಅದೇ ನಕ್ಷೆಯ ಗೆರೆ, ಅದೇ ಜಾಗದಲ್ಲಿ!

"ಅಂಚೆಟ್ಟಿ ಬೆಟ್ಟದ ಮೇಲೊಂದು ಊರು. ಬಸ್ಸಿಂದ ಇಳಿದು ಏಳು ಮೈಲಿ ನಡೀಬೇಕು. ಅಲ್ಲೊಬ್ಬ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಸಿಕ್ತು. ವೈಸ್‌ನಲ್ಲಿ ಒತ್ತಿದ್ರೆ ಎರಡು ನಾಣ್ಯಕ್ಕೆ ಗೆರೆ ಇಷ್ಟು ಸರಿಯಾಗಿ ಒಂದೇ ಕಡೆ ಬರಾಕಿಲ್ಲ. ಎರಡೂ ಒಂದೇ ಅಚ್ಚಿನವು. ನಿಮ್ಮಪ್ಪಂದು ಅಸಲಿ ಕಣಮ್ಮ... ಹೋದ ಭಾನುವಾರ ಅದೇ ಮಂಟಪದಲ್ಲಿ, ಅಷ್ಟೂ ಜನದ ಮುಂದೆ ನಿಂತು ಹೇಳ್ದೆ. ತಪ್ಪು ನಂದು ಅಂತ. ಇನ್ಮುಂದೆ ಯಾರ ನಾಣ್ಯಾನೂ ನೋಡಾಕಿಲ್ಲ ಅಂತಾನೂ ಹೇಳ್ಬುಟ್ಟೆ."

ಮುನಿಲಕ್ಷ್ಮಿ ಒಳಗೆ ಓಡಿ ಅಪ್ಪನ ನಾಣ್ಯ ತಂದಳು. ಫ್ಯಾಕ್ಟರಿಯಲ್ಲಿ ದಿನಾ ಬಿಡಿಭಾಗಗಳ ದೋಷ ಹುಡುಕುವವಳು ಅವಳು. ಎರಡನ್ನೂ ಪಕ್ಕಪಕ್ಕ ಇಟ್ಟು ಬಗ್ಗಿ ನೋಡಿದಳು. ಅಪ್ಪನ ಹೆಸರು ಉಳಿಯಿತು!

ಮರುಕ್ಷಣ ಅವಳ ಹುಬ್ಬು ಗಂಟಾಯಿತು.

"ಇದ್ರಲ್ಲಿ ಸಿಂಹ ಚೂಪಾಗೈತೆ. ಅಪ್ಪಂದ್ರಲ್ಲಿ ಯಾಕೆ ಚಪ್ಪಟೆ?"

ಬೀರೇಶ್ ಮುಖ ತಿರುಗಿಸಿದ. "ಗೊತ್ತಿಲ್ಲ."

ಸುಳ್ಳು! ಅವಳು ಅವನ ಜೇಬಿನಿಂದ ಭೂತಗನ್ನಡಿ ಕಿತ್ತುಕೊಂಡಳು. ಸಿಂಹಗಳ ಮೇಲೆ ಸಾವಿರಾರು ಸಣ್ಣ ಗೀರುಗಳು. ಸುತ್ತಿ ಸುತ್ತಿ ಉಜ್ಜಿದ ಗೀರುಗಳು...

ಲಂಗ ಹಾಕಿಕೊಳ್ಳುತ್ತಿದ್ದ ವಯಸ್ಸಿನಿಂದ ಪ್ರತಿ ಶುಕ್ರವಾರ ದೀಪ, ತಂಬಿಗೆ, ಕುಂಕುಮದ ಬಟ್ಟಲು, ಅವುಗಳ ಜೊತೆಗೆ ಲಕ್ಷ್ಮಿಯ ಮುಂದಿನ ಆ ನಾಣ್ಯ... ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದವಳು ಅವಳೇ.

"ನಾನು..." ಅವಳು ನಾಣ್ಯವನ್ನು ಅವನ ಮುಂದೆ ಹಿಡಿದಳು. "ಸಿಂಹ ಸವೆಸಿದ್ದು ನಾನು! ನಿಂಗೆ ಗೊತ್ತಿತ್ತಾ?"

ಬೀರೇಶ್ ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ.

"ಆವತ್ತಿನ ಮಾರನೇ ವಾರ ನಿಮ್ಮಪ್ಪ ಯಾರ್ಗೂ ಹೇಳ್ದಂಗೆ ನನ್ ಅಂಗಡಿಗೆ ಬಂದಿದ್ರು. 'ನನ್ ಮಗಳು ತಿಕ್ಕಿ ತಿಕ್ಕಿ ಸವ್ದೈತೆ ಕಣಪ್ಪ, ಮೋಸ ಅಲ್ಲ' ಅಂದ್ರು. ಮತ್ತೆ ನೋಡ್ದೆ, ಗೆರೆ ಎಲ್ಲೆಲ್ಲಿ ಐತೆ ಅಂತ ಬರ್ಕೊಂಡೆ. ಹೌದು ಅನ್ನಿಸ್ತು. ಅದೇ ಅಚ್ಚಿನ ಜೋಡಿ ಹುಡುಕಿ ಎಲ್ಲರ ಮುಂದೆ ಹೇಳ್ತೀನಿ ಅಂದೆ. ಎದ್ದು ಹೋಗೋವಾಗ ನನ್ ಕೈ ಹಿಡ್ಕೊಂಡ್ರು. 'ಅವಳಿಗೆ ಮಾತ್ರ ಹೇಳ್ಬ್ಯಾಡ. ಒಡ್ದೋಗ್ತಾಳೆ. ಬೈದ್ರೆ ನಿನ್ನ ಬೈಲಿ, ತಡ್ಕೋ' ಅಂದ್ರು. ಹೂಂ ಅಂದ್ಬುಟ್ಟೆ."

ಮುನಿಲಕ್ಷ್ಮಿ ಜಗುಲಿಯ ಮೇಲೆ ಕುಸಿದಳು. ಇಡೀ ವರ್ಷ ಅಳದೆ ಹಿಡಿದಿಟ್ಟ ಅಳು ಒಮ್ಮೆಲೇ ಒಡೆಯಿತು. ಅಪ್ಪಾ... ಅಷ್ಟು ಅವಮಾನದಲ್ಲೂ ನನ್ನ ಯೋಚನೆಯೇ ಮಾಡಿದ್ಯಾ ಅಪ್ಪಾ!

"ಹಂಗಾದ್ರೆ ನಾನೇ ಕೊಂದೆ..."

"ಇಲ್ಲ!" ಬೀರೇಶ್ ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದ. "ನೀವು ದೇವ್ರು ಅಂತ ತಿಕ್ಕಿದ್ರಿ. ಸವೆದಿದ್ದು ಯಾವುದು, ಒತ್ತಿದ್ದು ಯಾವುದು ಅಂತ ನೋಡ್ಬೇಕಾಗಿದ್ದು ನಾನು. ಸರಿಯಾಗಿ ನೋಡ್ದಲೇ ಮಾತಾಡ್ಬುಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಬ್ಬರಿಗೂ ಅದು ಗೊತ್ತಿತ್ತು.

"ಕೊಲೆಗಾರ ಅಂದೆ ನಿನ್ನ... ಬೀದಿ ಜನರ ಮುಂದೆ. ಹೆಂಗೆ ತಡ್ಕೊಂಡೆ?"

"ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ." ಅವನ ಕಣ್ಣು ನೆಲ ನೋಡುತ್ತಿತ್ತು. "ಆಮೇಲೆ... ಬೈಯಾಕಾದ್ರೂ ನನ್ನ ನೆನೆಸ್ಕೊತೀರಲ್ಲ, ಅಷ್ಟು ಸಾಕು ಅನ್ನಿಸ್ತಿತ್ತು. ಮಂಟಪದಲ್ಲಿ ನೋಡ್ದಾಗಿಂದ ನೀವು ನನ್ ಮನಸಲ್ಲಿದ್ದೀರಿ ಮುನಿಲಕ್ಷ್ಮಿ. ಇವತ್ತು ಹೇಳಬಾರದ ಮಾತು. ಆದ್ರೂ ಹೇಳ್ದೆ."

ಬಿಕ್ಕುತ್ತಲೇ ಅವಳು ಎರಡೂ ನಾಣ್ಯಗಳನ್ನು ಮಡಿಲಿಗೆ ಹಾಕಿಕೊಂಡಳು.

"ನಂಗೆ ಈಗ ನಗಾಕೆ ಬರಲ್ಲ ಬೀರೇಶ್."

"ಬ್ಯಾಡ."

"ನಾನು ಇನ್ನೂ ಬೋ ದಿನ ಅಳ್ತೀನಿ..."

"ಅಳಿ. ನಾನು ಪಕ್ಕದಲ್ಲಿರ್ತೀನಿ."

"ಬೇಜಾರಾಗಿ ಎದ್ದೋದ್ರೆ?"

"ಹೋಗಾಕಿಲ್ಲ."

ಮುನಿಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜಗುಲಿಯ ಮೇಲೆ ಸ್ವಲ್ಪ ಅತ್ತ ಸರಿದು ಜಾಗ ಮಾಡಿದಳು.

"ಹಂಗಾದ್ರೆ ನಿಂತ್ಕೊಂಡೇ ಯಾಕಿದ್ದೀಯ... ಬಾ, ಕೂತ್ಕೋ."