ತಿರುವಿನಲ್ಲಿ ಬೀಸಿದ ಕೈ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಅಳುತ್ತಿರಲಿಲ್ಲ. ಅಳುವುದೆಲ್ಲ ಹಿಂದಿನ ದಿನವೇ ಮುಗಿಸಿದವಳಂತೆ ಬೆಂಚಿನ ಮೇಲೆ ಕೂತಳು. ದೂರು ಬರೆದುಕೊಳ್ಳಲು ಪೆನ್ನು ತಡಕಾಡುತ್ತಿದ್ದ ಕಾನ್‌ಸ್ಟೇಬಲ್‌ಗೆ ತನ್ನದೇ ಪೆನ್ನು ತೆಗೆದುಕೊಟ್ಟಳು.

ಅವಳ ತಂದೆಗೆ ಪೇಟೆಯಲ್ಲಿ ಕನ್ನಡಕದಂಗಡಿ ಇತ್ತು. ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆದು ಬರುವಾಗ ಎದೆ ಹಿಡಿದುಕೊಂಡು ಕುಸಿದರು. ಮನೆ ಮೂರನೇ ಮಹಡಿಯಲ್ಲಿ. ಕೆಳಗಿನವರೆಲ್ಲ ಕೆಲಸಕ್ಕೆ ಹೋಗಿದ್ದರು. ಮಗಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ದಾರಿ ತೋರಿಸಲು ತಿರುವಿನಲ್ಲಿ ಯಾರನ್ನಾದರೂ ನಿಲ್ಲಿಸಿ ಎಂದರು ಅಲ್ಲಿಯವರು. ಹೂಂ ಎಂದಳು, ಆದರೆ ಯಾರನ್ನು ನಿಲ್ಲಿಸುವುದು? ತಂದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೈರನ್ ಹತ್ತಿರ ಹತ್ತಿರ ಬಂದು ನಿಂತಿತು.

"'ಬಂದ್ರಪ್ಪ, ಬಂದ್ಬಿಟ್ರು' ಅಂದೆ ಸಾರ್. ಕಣ್ಣು ಬಿಟ್ಟು ನೋಡಿದ್ರು. ಮೆಟ್ಟಿಲ ಮೇಲೆ ಯಾರೂ ಬರ್ಲಿಲ್ಲ. ಆಮೇಲೆ ಸೈರನ್ ಮತ್ತೆ ಶುರುವಾಯ್ತು, ದೂರ ಹೋಯ್ತು."

ಮತ್ತೆ ಫೋನ್ ಮಾಡಿದಾಗ ಕಂಟ್ರೋಲ್ ರೂಮಿನವನು ಸಮಾಧಾನದ ದನಿಯಲ್ಲಿ, ಗಾಬರಿಯಾಗಬೇಡಿ, ನಿಮ್ಮ ಪೇಷೆಂಟ್ ಆಸ್ಪತ್ರೆ ದಾರಿಯಲ್ಲಿದ್ದಾರೆ ಎಂದನಂತೆ. ಅವಳ ಪೇಷೆಂಟ್ ಅವಳ ತೊಡೆಯ ಮೇಲಿದ್ದರು. ಎರಡನೇ ಗಾಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು. ಈ ಇಲಾಖೆಯಲ್ಲಿ ಅವರ ಕೂದಲು ನರೆತಿತ್ತು. ಸಾವಿನ ಮನೆಯವರಿಗೆ ಹೇಳಬಹುದಾದ ಮಾತು ಒಂದೂ ಇಲ್ಲ ಎಂಬುದು ಅನುಭವದಿಂದ ತಿಳಿದಿತ್ತು. ಒಂದು ಲೋಟ ನೀರು ತರಿಸಿಕೊಟ್ಟರು. ನಿರ್ಲಕ್ಷ್ಯದಿಂದ ಉಂಟಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮೊದಲನೇ ಆರೋಪಿ ಆಂಬುಲೆನ್ಸಿನ ಡ್ರೈವರ್.

ಹನ್ನೊಂದೂವರೆಗೆ ಡ್ರೈವರ್ ಬಂದ. ಗಾಡಿಯ ಕೀಲಿಯನ್ನು ಆಫೀಸಿನವರು ಆಗಲೇ ಕಿತ್ತುಕೊಂಡಿದ್ದರು. ಅಭ್ಯಾಸಬಲದಿಂದ ಕೈ ಮಾತ್ರ ಆಗಾಗ ಜೇಬಿಗೆ ಹೋಗಿ ಬರಿದಾಗಿ ಬರುತ್ತಿತ್ತು.

ಅವನ ಪ್ರಕಾರ, ಆ ಭಾಗದ ಓಣಿಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಏಳರ ಪಕ್ಕದಲ್ಲಿ ಎಪ್ಪತ್ತೆರಡನೇ ಮನೆ. ನಂಬರು ಹುಡುಕುತ್ತ ಹೋದರೆ ರೋಗಿ ಉಳಿಯುವುದಿಲ್ಲ. ಅದಕ್ಕೇ ಆಂಬುಲೆನ್ಸಿನವರು ನಂಬುವುದು ತಿರುವಿನಲ್ಲಿ ಬೀಸುವ ಕೈಯನ್ನು. ನೀರಿನ ಟ್ಯಾಂಕಿನ ತಿರುವಿನಲ್ಲಿ ಒಬ್ಬಳು ತಲೆಯ ಮೇಲೆ ಬಿಳಿ ಬೆಡ್‌ಶೀಟ್ ಹೊದ್ದು ಎರಡೂ ಕೈ ಬೀಸುತ್ತಿದ್ದಳು. ಇವನು ಗಾಡಿ ತಿರುಗಿಸಿದ.

"ಯಾರ ಮನೆ ಅಂತ ಕೇಳಿದ್ಯಾ?"

"ಕೇಳ್ದೆ ಸಾರ್. 'ಕನ್ನಡಕದಂಗಡಿಯವರ ಮನೇನಾ' ಅಂತ ಬಾಯಿ ಬಿಟ್ಟು ಕೇಳ್ದೆ. ಹೂಂ ಅಂದ್ಲು."

"ನರ್ಸ್ ಕೇಳಿಸ್ಕೊಂಡ್ರಾ?"

"ಹೊಸ ಹುಡುಗಿ. ಹಿಂದುಗಡೆ ಆಕ್ಸಿಜನ್ ಸಿದ್ಧ ಮಾಡ್ತಿದ್ಲು."

"ಹಾಗಾದ್ರೆ ನೀನು ಕೇಳಿದ್ದಕ್ಕೆ ಸಾಕ್ಷಿ ಯಾರು?"

"ಅವಳೇ," ಎಂದ.

ಮಧ್ಯಾಹ್ನ ಒಂದು ಗಂಟೆಗೆ ಇನ್‌ಸ್ಪೆಕ್ಟರ್ ತಮ್ಮ ಮಹಿಳಾ ದಫೇದಾರರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಈ ದಫೇದಾರರನ್ನು ಠಾಣೆಯಲ್ಲಿ ಕಳ್ಳರಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಕನ್ನಡಕದಂಗಡಿಯವರೆಂದು ಹೇಳಿ ಆ ಗಾಡಿಯಲ್ಲಿ ತಂದು ಸೇರಿಸಿದ್ದ ರೋಗಿ ಎರಡನೇ ವಾರ್ಡಿನಲ್ಲಿದ್ದ. ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ. ಶ್ವಾಸಕೋಶದ ರಕ್ತನಾಳದಲ್ಲಿ ಗಡ್ಡೆ ಕಟ್ಟಿತ್ತು, ಹತ್ತು ನಿಮಿಷ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕನ್ನಡಕದಂಗಡಿಯವರು ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದ್ದಕ್ಕೆ ಅವರು ಭುಜ ಕುಣಿಸಿದರು. ನೋಡದ ರೋಗಿಯ ಬಗ್ಗೆ ಹೇಗೆ ಹೇಳಲಿ ಎಂದರು.

ಪೇಂಟರನ ಹೆಂಡತಿ ಮಂಚದ ಪಕ್ಕದಲ್ಲಿದ್ದಳು. ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಪೊಲೀಸರನ್ನು ಕಂಡವಳೇ ಗಂಡನ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿ ಮಡಚಿ ಗೆರೆ ತೀಡತೊಡಗಿದಳು. ವರಾಂಡಕ್ಕೆ ಕರೆದು ವಿಚಾರಿಸಿದಾಗ, ಗಂಡನಿಗೆ ಉಸಿರು ಸಿಕ್ಕಿಹಾಕಿಕೊಂಡಿತು, ಸೈರನ್ ಕೇಳಿಸಿತು, ಓಡಿಹೋಗಿ ಕೈ ಬೀಸಿದೆ, ನಿಲ್ಲಿಸಿದರು ಎಂದಳು. ಯಾರ ಮನೆಗೆ ಹೊರಟ ಗಾಡಿಯೋ ತನಗೇನು ಗೊತ್ತು?

"ಡ್ರೈವರ್ ನಿಮ್ಮನ್ನ ಏನಾದ್ರೂ ಕೇಳಿದ್ನಾ?"

"ಇಲ್ಲ."

"ಒಂದು ಮಾತೂ?"

"ಏನೂ ಕೇಳಲಿಲ್ಲ ಸಾರ್. ಬಂದ್ರು, ಎತ್ಕೊಂಡು ಹೋದ್ರು."

ಹೊರಗೆ ಬಂದಾಗ ದೊಡ್ಡಮ್ಮ, ಇವಳು ಹೇಳುವುದೇ ನಿಜವಾದರೆ ಡ್ರೈವರ್ ಒಳಗೆ ಹೋದ ಹಾಗೆಯೇ ಎಂದಳು. ಗಂಡನ ಪ್ರಾಣ ಹೋಗುತ್ತಿರುವಾಗ ಬೆಡ್‌ಶೀಟ್ ಹೊದ್ದುಕೊಂಡು ಓಡುವಷ್ಟು ವ್ಯವಧಾನ ಎಲ್ಲಿಂದ ಬಂತು ಎಂಬುದು ಇನ್‌ಸ್ಪೆಕ್ಟರರ ತಲೆಯಲ್ಲಿ ಕೊರೆಯುತ್ತಿತ್ತು.

ಮೂರು ಗಂಟೆಗೆ ಸ್ಥಳ ಪಂಚನಾಮೆ. ಡ್ರೈವರನನ್ನೂ ಕರೆಸಿದ್ದರು. ಗಾಡಿ ನಿಂತಿದ್ದ ಜಾಗವನ್ನು ಅವನು ತೋರಿಸಿದ. ಮನೆಗಳ ಹಿತ್ತಲು ಬಾಗಿಲುಗಳಿದ್ದ ಸಂದಿ ಅದು. ಎರಡೂ ಕಡೆ ಒಗೆದ ಬಟ್ಟೆ, ಒಡೆದ ಬಕೆಟ್ಟು. ಕನ್ನಡಿ ಮಡಚಿಕೊಂಡು ಗಾಡಿ ನುಗ್ಗಿಸಿದ್ದನಂತೆ. ಹೊರಗೆ ತರಲು ಪೂರ್ತಿ ಹಿಂದಕ್ಕೇ ಓಡಿಸಬೇಕಾಯಿತಂತೆ. ನರ್ಸ್ ಒಳಗೇ ಆಕ್ಸಿಜನ್ ಮಾಸ್ಕ್ ಹಾಕಿದ್ದರಿಂದ ರೋಗಿಯ ಮುಖ ಕಾಣಲಿಲ್ಲ, ಆ ಹೆಂಗಸೂ ಗಾಡಿ ಹತ್ತಲಿಲ್ಲ ಎಂದ.

"ಇಲ್ಲಿಗೆ ಯಾಕೆ ಬಂದೆ? ಮುಂದಿನ ಬಾಗಿಲಿರಲಿಲ್ವಾ?"

"ಮುಂದಿನ ರಸ್ತೆ ಅಗೆದು ಹಾಕಿದ್ದಾರೆ ಅಂದ್ಲು ಸಾರ್."

ಅವನನ್ನು ಅಲ್ಲಿಯೇ ನಿಲ್ಲಿಸಿ ಇನ್‌ಸ್ಪೆಕ್ಟರ್ ಮತ್ತು ದೊಡ್ಡಮ್ಮ ಸುತ್ತಿ ಬಳಸಿ ಮುಂದಿನ ರಸ್ತೆಗೆ ಹೋದರು. ರಸ್ತೆ ಅಗಲವಾಗಿ, ನುಣ್ಣಗಿತ್ತು. ಗುದ್ದಲಿ ತಾಗಿದ ಗುರುತು ಎಲ್ಲಿಯೂ ಇರಲಿಲ್ಲ. ಇಸ್ತ್ರಿ ಅಂಗಡಿಯ ಬಾಗಿಲು ಹಾಕಿತ್ತು. ಎದುರು ಮನೆಯ ಜಗಲಿಯಲ್ಲಿ ಒಬ್ಬ ಮುದುಕ ಪೊಲೀಸರನ್ನೇ ಕಾಯುತ್ತಿದ್ದವನಂತೆ ಕೂತಿದ್ದ.

"ಪೇಂಟ್ರು ಇದಾರೋ ಹೋದ್ರೋ?"

"ಇದ್ದಾರೆ ತಾತ."

"ಹೌದಾ? ಈ ಸಲ ನಿಜ ಅನ್ನಿ ಹಾಗಾದ್ರೆ." ಮುದುಕ ನಗಲು ಹೋಗಿ ನಿಲ್ಲಿಸಿದ. ಆಮೇಲೆ ಹೇಳಿದ. ಬಣ್ಣ ಹೊಡೆಯಲು ಕಟ್ಟಿದ ಸಾರುವೆಯಿಂದ ಬಿದ್ದು ಬದುಕಿಕೊಂಡ ಮೇಲೆ ಪೇಂಟರನಿಗೆ ಉಸಿರು ಕಟ್ಟುವ ಭಯ ಹಿಡಿದಿತ್ತು. ಆಂಬುಲೆನ್ಸು ಇದೇ ಬಾಗಿಲಿಗೆ ಎಷ್ಟೋ ಸಲ ಬಂದಿದೆ. ಅದು ಬರುವಷ್ಟರಲ್ಲಿ ಅವನು ಎದ್ದು ಕೂತು ನೀರು ಕುಡಿಯುತ್ತಿರುತ್ತಿದ್ದ. ಸೈರನ್ ಕೇಳಿದರೆ ವಾಸಿಯಾಗುವ ಕಾಯಿಲೆ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. "ಕೊನೇ ಸಲ ಡ್ರೈವರ್ ಚೆನ್ನಾಗಿ ಉಗಿದು ಹೋದ. ನಾವೂ ನಿಂತು ನೋಡಿದ್ವಿ."

ಸಂದಿಗೆ ವಾಪಸು ಬಂದ ಇನ್‌ಸ್ಪೆಕ್ಟರ್ ಡ್ರೈವರನನ್ನು ಒಂದೇ ಪ್ರಶ್ನೆ ಕೇಳಿದರು. "ಆಚೆ ರಸ್ತೆಯ ಇಸ್ತ್ರಿ ಅಂಗಡಿ ಗೊತ್ತಾ?"

"ಗೊತ್ತಿಲ್ದೆ ಏನು ಸಾರ್? ಸುಳ್ಳು ಕಾಲ್ ಮನೆ. ಯಾಕೆ?"

ಇನ್‌ಸ್ಪೆಕ್ಟರ್ ಅದೇ ಮನೆಯ ಹಿತ್ತಲು ಬಾಗಿಲನ್ನು ನೋಡಿದರು.

ಸಂಜೆ ಐದಕ್ಕೆ ಮತ್ತೆ ಆಸ್ಪತ್ರೆ. ವರಾಂಡದ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲೇ ಕೂತರು. ಗದರಲಿಲ್ಲ.

"ನಿಮ್ಮ ಮುಂದಿನ ರಸ್ತೆ ನೋಡ್ಕೊಂಡು ಬಂದೆ ಅಮ್ಮ. ಯಾರೂ ಅಗೆದಿಲ್ಲ."

ಅವಳು ಸೆರಗಿನ ತುದಿ ಮಡಚತೊಡಗಿದಳು.

"ಮುಂದಿನ ಬಾಗಿಲಿಗೆ ಬಂದಿದ್ರೆ ಮನೆ ಗುರುತು ಸಿಗ್ತಿತ್ತು. ತಲೆ ಮೇಲೆ ಬಟ್ಟೆ ಇಲ್ದಿದ್ರೆ ನಿಮ್ಮ ಗುರುತು ಸಿಗ್ತಿತ್ತು. ಗಾಡೀಲಿ ಜೊತೆಗೂ ಹೋಗಲಿಲ್ಲ, ಆಮೇಲೆ ಬೇರೆಯಾಗಿ ಬಂದ್ರಿ. ಇಷ್ಟೆಲ್ಲ ಮಾಡಿದವರಿಗೆ ಅದು ಬೇರೆಯವರ ಗಾಡಿ ಅಂತ ಗೊತ್ತಿರಲಿಲ್ವಾ?"

ಅವಳು ಮಡಚಿದ್ದನ್ನು ಬಿಚ್ಚಿದಳು.

"ಅವನು ಕೇಳಲಿಲ್ಲ ಅಂತ ನೀವು ಹೇಳಿದ್ರೆ ನಾಳೆ ಅವನು ಜೈಲಿಗೆ ಹೋಗ್ತಾನೆ. ನಿಮ್ಮ ಗಂಡನ್ನ ಹೊತ್ಕೊಂಡು ಬಂದವನು."

ಅವಳು ವಾರ್ಡಿನ ಬಾಗಿಲ ಕಡೆ ನೋಡಿದಳು. ಒಳಗೆ ಪೇಂಟರ್ ಕೆಮ್ಮಿದ. ಬದುಕಿರುವ ಮನುಷ್ಯನ ಕೆಮ್ಮು.

"ಕೇಳಿದ್ರು," ಎಂದಳು. "ನಾನೇ ಹೂಂ ಅಂದೆ."

ಆಮೇಲೆ ಒಂದೊಂದಾಗಿ ಬಂತು. ಕೊನೆಯ ಸಲ ಇದೇ ಡ್ರೈವರ್ ಬೀದಿಯವರ ಮುಂದೆ ಬೈದಾಗಿನಿಂದ ಅವಳು ಆ ನಂಬರಿಗೆ ಫೋನ್ ಮಾಡಿರಲಿಲ್ಲ. ಸೋಮವಾರ ಗಂಡನ ತುಟಿ ನೀಲಿಗಟ್ಟಿತು. ಫೋನ್ ಕೈಗೆ ತೆಗೆದುಕೊಂಡಳು, ಇಟ್ಟಳು. ಮತ್ತೆ ತೆಗೆದುಕೊಂಡಳು. ಮನೆಯ ಹೆಸರು ಕೇಳಿದರೆ ಯಾರೂ ಬರುವುದಿಲ್ಲ ಎಂದೇ ಅವಳಿಗೆ ಅನ್ನಿಸಿತ್ತು. ಅಷ್ಟರಲ್ಲಿ ಸೈರನ್ ಕೇಳಿಸಿತು. ಮೇಜಿನ ಮೇಲೆ ಯಾರದೋ ಬೆಡ್‌ಶೀಟ್ ಇಸ್ತ್ರಿಯಾಗಿ ಬಿಸಿಯಾಗಿಯೇ ಇತ್ತು.

"ಬೈದಾಗ ಏನಂದಿದ್ದ ಅವನು?"

"'ನಿಮ್ಮಂಥವರಿಂದ ಇನ್ಯಾರೋ ಸಾಯ್ತಾರೆ' ಅಂದಿದ್ರು." ಅವಳು ಅಂಗೈಯಿಂದ ಸೆರಗಿನ ಸುಕ್ಕು ತೀಡಿದಳು. "ಹಾಗೇ ಆಯ್ತು."

ಐದೂಮುಕ್ಕಾಲಿಗೆ ಬಂಧನ. ಆರು ಗಂಟೆಯ ಮಾತ್ರೆ ಕೊಟ್ಟು ಬರುತ್ತೇನೆ ಎಂದಳು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿ ಕಾದರು. ದೊಡ್ಡಮ್ಮ ಟೋಪಿ ಕಂಕುಳಲ್ಲಿಟ್ಟುಕೊಂಡು ಅವಳ ಹಿಂದೆ ನಿಂತಳು. ಇವರು ಯಾರು ಎಂದು ಪೇಂಟರ್ ಕೇಳಿದ. ನಮ್ಮ ದೊಡ್ಡಮ್ಮ, ಮನೆಗೆ ಜೊತೆ ಬರ್ತಾರೆ ಎಂದಳು ಹೆಂಡತಿ. ಆತ ತಲೆಯಾಡಿಸಿದ.

"ನಂಗೇನೂ ಆಗಿಲ್ಲ, ಬರೀ ಭಯ ಅಂತ ಊರೆಲ್ಲ ಅಂತಿತ್ತು ನೋಡಿ," ಎಂದು ದೊಡ್ಡಮ್ಮನಿಗೆ ಹೇಳಿದ. "ನಂಬಿದ್ದು ಇವಳೊಬ್ಬಳೇ."

ದೊಡ್ಡಮ್ಮ ಅವನ ದಿಂಬು ಸರಿಮಾಡಿ ಹೊರಗೆ ಬಂದಳು. ಬಂದವಳು ಜೀಪು ಹತ್ತುವವರೆಗೆ ಯಾರ ಮುಖವನ್ನೂ ನೋಡಲಿಲ್ಲ.

ಕನ್ನಡಕದಂಗಡಿಯವರ ಮಗಳಿಗೆ ಇನ್‌ಸ್ಪೆಕ್ಟರ್ ತಾವೇ ಹೋಗಿ ತಿಳಿಸಿದರು. ಅವಳು ಒಂದೇ ಮಾತು ಕೇಳಿದಳು: ಆ ಮನುಷ್ಯ ಉಳಿದರೇ? ಉಳಿದರು ಎಂದಾಗ ಬಾಗಿಲು ಮುಂದಕ್ಕೆಳೆದುಕೊಂಡಳು. ಸಿಟ್ಟಿನಿಂದಲೋ, ಅಲ್ಲವೋ, ಅವರಿಗೆ ತಿಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಡ್ರೈವರನನ್ನು ಕರೆಸಿ, ಅವನ ಮೇಲಿನ ಆರೋಪ ಕೈಬಿಡುವುದಾಗಿ ಹೇಳಿದರು. ಅವನು ಕೈ ಮುಗಿದ. ಕೈ ಬೀಸಿದವಳು ಯಾರು ಎಂದು ಕೇಳಿದ. ಇನ್‌ಸ್ಪೆಕ್ಟರ್ ಹೇಳಿದರು, ಹೂಂ ಎಂದಿದ್ದು ಯಾಕೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ಇದೇ ವಾಸಿ ಎನ್ನಿಸಿತ್ತು.

ಅವನ ಕೈ ಮತ್ತೆ ಜೇಬಿಗೆ ಹೋಗಿ ಬರಿದಾಗಿ ಬಂತು.

"ಅವತ್ತು ಬೈದಾಗ ಸತತ ಎರಡನೇ ಪಾಳಿ ಸಾರ್," ಎಂದ. "ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಅದನ್ನೂ ಬರ್ಕೊಳ್ಳಿ."

"ಅದಕ್ಕೆ ಯಾವ ಸೆಕ್ಷನ್ನೂ ಇಲ್ಲಪ್ಪ."

"ಬರ್ಕೊಳ್ಳಿ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ಎತ್ತಲಿಲ್ಲ. ಆಫೀಸಿನವರು ಅಂದು ಬೆಳಿಗ್ಗೆಯೇ ಗಾಡಿ ತಂದು ನಿಲ್ಲಿಸಿ ಕೊಟ್ಟುಹೋಗಿದ್ದ ಕೀಲಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು. ಅವನು ಅದನ್ನು ನೋಡುತ್ತಲೇ ಇದ್ದ. ಹೊರಗೆ ಗಾಡಿಯಲ್ಲಿ ಕೂತಿದ್ದ ನರ್ಸ್ ಹುಡುಗಿ ಹಾರ್ನ್ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಕಾಲ್ ಬಂದಿರಬೇಕು.

"ಎದ್ದೇಳು," ಎಂದರು ಇನ್‌ಸ್ಪೆಕ್ಟರ್. "ತಿರುವಿನಲ್ಲಿ ಯಾರೋ ನಿಂತಿರ್ತಾರೆ."