ಕೊನೆಯ ಸಾಲಿನ ಆಕ್ಷೇಪಣೆ

"ಈ ಪ್ರಬಂಧದ ಬಗ್ಗೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ದಯವಿಟ್ಟು ಈಗ ಹೇಳಿ," ಎಂದಳು ಸೈಮಿ.

ಟುರ್ಕು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ನಿಂತವರೆಲ್ಲ ತುಂಬಿದ ಸಭೆಗೆ ಕೊನೆಯಲ್ಲಿ ಹೇಳಲೇಬೇಕಾದ ಮಾತು ಇದು. ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಮನಸ್ಸು ಹೊರಗಿನ ಕಾಫಿ, ಕೇಕಿನ ಮೇಲಿರುತ್ತದೆ.

ಕೊನೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ.

ಸೈಮಿ ಕತ್ತು ಚಾಚಿ ನೋಡಿದಳು. ಆರ್ಟು! ಕೈದಿಗಳ ಮತದಾನದ ಹಕ್ಕಿನ ಬಗ್ಗೆ ಬರೆಯಲು ಅವಳು ಎರಡು ವರ್ಷ ಓಡಾಡಿದ ಜೈಲಿನ ಕಾವಲುಗಾರ. ಎಷ್ಟು ಕಾಫಿ, ಎಷ್ಟು ಹರಟೆ! ನಾಲ್ಕು ತಿಂಗಳ ಹಿಂದೆ ಒಂದು ಜಗಳದಲ್ಲಿ, "ಬೀಗ ಹಾಕೋನಿಗೆ ಹಕ್ಕಿನ ವಿಷಯ ಏನು ಗೊತ್ತು?" ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅವನು ಮಾತಾಡಿರಲಿಲ್ಲ, ನಾಚಿಕೆಗೆ ಅವಳೂ ಫೋನ್ ಮಾಡಿರಲಿಲ್ಲ.

"ಪುಟ ನೂರಾ ನಲವತ್ತೊಂದು," ಎಂದ ಆರ್ಟು. ಅವನ ಕಿವಿಗಳು ಕೆಂಪಗಾಗಿದ್ದವು. "ಅರವತ್ತು ಜನರಲ್ಲಿ ಹನ್ನೊಂದೇ ಜನ ವೋಟು ಹಾಕಿದ್ರು, ಕೈದಿಗಳಿಗೆ ಚುನಾವಣೆ ಬೇಕಿಲ್ಲ ಅಂತ ಬರೆದಿದ್ದೀರಿ. ಮತಗಟ್ಟೆ ತೆರೆದಿದ್ದು ಯಾವಾಗ, ನೋಡಿದ್ರಾ?"

'ನೀವು' ಅನ್ನುತ್ತಿದ್ದಾನೆ! ಅವಳಿಗೆ ಆಕ್ಷೇಪಣೆಗಿಂತ ಅದೇ ಹೆಚ್ಚು ಚುಚ್ಚಿತು.

"ಬುಧವಾರ. ಎರಡರಿಂದ ನಾಲ್ಕು."

"ಅದು ನಮ್ಮಲ್ಲಿ ಸೌನಾದ ಹಬೆಸ್ನಾನದ ಹೊತ್ತು. ವಾರಕ್ಕೆ ಒಂದೇ ಸಲ. ಬಿಸಿಬಿಸಿ ಹಬೆ ಬಿಟ್ಟು ಯಾವ ಮಂತ್ರಿ ತಾನೇ ವೋಟಿಗೆ ಬರ್ತಾನೆ?"

ಸಭೆ ಗೊಳ್ಳೆಂದು ನಕ್ಕಿತು. ಸೈಮಿಗೆ ನಗು ಬರಲಿಲ್ಲ. ಒಂದು ಇಡೀ ಅಧ್ಯಾಯ ಆ ಪುಟದ ಮೇಲೆ ನಿಂತಿತ್ತು. ಒಪ್ಪಿಕೊಂಡರೆ ಐದು ವರ್ಷದ ದುಡಿಮೆ ಕೈತಪ್ಪಬಹುದು. ವಾದ ಹೂಡಿದರೆ ಅವನು ಬಾಗಿಲು ದಾಟಿ ಹೋಗುತ್ತಾನೆ, ಈ ಸಲ ಶಾಶ್ವತವಾಗಿ. ಅವನು ಕಣ್ಣು ಕದಲಿಸದೆ ಅವಳನ್ನೇ ನೋಡುತ್ತಿದ್ದ. ಅಂಥ ಹೊತ್ತಿನಲ್ಲೂ ಅವಳ ಮೈ ಜುಮ್ಮೆಂದಿತು.

"ತಪ್ಪು ನನ್ನದೇ," ಎಂದಳು. "ಅವರಿಗೆ ಹಕ್ಕು ಬೇಡವಾಗಿರಲಿಲ್ಲ. ವೇಳಾಪಟ್ಟಿಯೇ ಅದನ್ನ ಕಿತ್ಕೊಂಡಿತ್ತು. ಮತ್ತೆ... ಬೀಗದ ಬಗ್ಗೆ ನಾನಾಡಿದ ಮಾತೂ ತಪ್ಪು."

ಪರೀಕ್ಷಕ ಪ್ರೊಫೆಸರ್ ಲಿಂಡ್‌ರೂಸ್ ಗಾಬರಿಯಿಂದ ಹಾಳೆ ತಿರುವಿದರು. "ಬೀಗವೇ? ಅದು ಯಾವ ಪುಟದಲ್ಲಿದೆ?"

"ಪುಸ್ತಕದಲ್ಲಿಲ್ಲ, ಸಾರ್," ಎಂದ ಆರ್ಟು. ಮೊದಲ ಸಲ ಅವನ ತುಟಿಯಂಚಿನಲ್ಲಿ ನಗು ಕಾಣಿಸಿತು.

ಪ್ರೊಫೆಸರರು ಇಬ್ಬರನ್ನೂ ಒಮ್ಮೆ ನೋಡಿ ಕನ್ನಡಕ ತೆಗೆದರು. "ಆ ಪುಟ ತಿದ್ದಮ್ಮ, ನಿನ್ನ ವಾದ ಇನ್ನೂ ಗಟ್ಟಿಯಾಗುತ್ತೆ. ಪದವಿಗೆ ನನ್ನ ಒಪ್ಪಿಗೆ ಇದೆ. ಇನ್ನೊಂದು ವಿಷಯ, ಸಭೆಯಲ್ಲಿ ಎದ್ದು ತಪ್ಪು ಹಿಡಿದವರನ್ನ ಸಂಜೆ ಔತಣಕ್ಕೆ ಕರೆಯಲೇಬೇಕು. ಹಳೇ ಪದ್ಧತಿ, ಮರೀಬೇಡ."

ಚಪ್ಪಾಳೆ ಮುಗಿಯುವ ಮೊದಲೇ ಸೈಮಿ ಹೊರಗೋಡಿದಳು. ಆರ್ಟು ಮೆಟ್ಟಿಲ ಬಳಿ ನಿಂತಿದ್ದ.

"ಈ ಪದ್ಧತಿ ನಿಂಗೆ ಗೊತ್ತಿತ್ತಾ?"

"ಗೊತ್ತಿದ್ದೇ ಬಂದೆ. ನೀನಂತೂ ಕರೀಲಿಲ್ಲ. ಪುಸ್ತಕ ಮೂರು ಸಲ ಓದ್ದೆ ಮಾರಾಯ್ತಿ, ಹಿಡಿಯೋಕೆ ಒಂದೇ ಒಂದು ತಪ್ಪು ಸಿಕ್ತು."

"ಒಂದು ಊಟಕ್ಕೋಸ್ಕರ ನನ್ನ ಜೀವ ಬಾಯಿಗೆ ತಂದೆಯಲ್ಲೋ!"

"ಊಟ ಮನೇಲೂ ಇದೆ ಕಣೇ. ನೀನಿಲ್ಲ ಅಲ್ಲಿ."

ಸೈಮಿ ಅವನ ಕೋಟಿನ ಅಂಚು ಹಿಡಿದು ಹತ್ತಿರಕ್ಕೆಳೆದಳು. ಅವಳ ಕಣ್ಣು ತುಂಬಿತ್ತು, ನಗು ತಡೆಯಲಾಗುತ್ತಿರಲಿಲ್ಲ.

"ಸಂಜೆ ನನ್ನ ಪಕ್ಕದಲ್ಲೇ ಕೂತ್ಕೋ," ಎಂದಳು. "ಊಟ ಮುಗಿದ ಮೇಲೂ ಎದ್ದು ಹೋಗ್ಬೇಡ."