ಸಾಲಿನ ಕೊನೆಯ ಖಾಲಿ ಜಾಗ

"ಎಕ್ಸ್‌ಕ್ಯೂಸ್ ಮಿ! ಆ ಪಿಯಾನೊ ಸ್ವಲ್ಪ ಸ್ಟಾಪ್ ಮಾಡ್ತೀ... ಐ ಮೀನ್, ಕುಡ್ ಯು ಪ್ಲೀಸ್ ಸ್ಟಾಪ್?"

ಬಾಗಿಲು ತೆರೆದವನ ಮುಖವನ್ನೂ ಸರಿಯಾಗಿ ನೋಡದೆ ಅನಘಾ ಸಿಡಿದಳು. ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕಮಾನು. ಕೋಪಕ್ಕೆ ಮೂಗಿನ ತುದಿ ಕೆಂಪಾಗಿತ್ತು.

"ಸಾರಿ," ಎಂದ ಅವನು.

"ಸಾರಿಯಂತೆ ಸಾರಿ! ಸಾಯಂಕಾಲ ಆದ್ರೆ ಸಾಕು, ಗೋಡೆಯಾಚೆ ಯಾರೋ ಅತ್ತ ಹಾಗೆ..." ಗೊಣಗುತ್ತಾ ತಿರುಗಿದಳು.

"ಅದು ಅಳೋದಲ್ಲ ರೀ. ಅತ್ತು ಮುಗಿಸಿದ ಮೇಲೆ ಮಾತಾಡೋದು."

ಕನ್ನಡ! ಅವಳ ಕಾಲುಗಳು ಅಲ್ಲೇ ನಿಂತವು.

ಅದು 1992. ಮೈಸೂರಿನ ಅನಘಾ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದಳು. ಪಕ್ಕದ ಫ್ಲ್ಯಾಟ್‌ನ ತ್ರಿವಿಕ್ರಮ ಬೆಂಗಳೂರಿನ ಇಂಜಿನಿಯರ್. ಮಹಾಶಯನ ಮನೆಯಲ್ಲಿ ಕೂರಲು ಸೋಫಾ ಇರಲಿಲ್ಲ, ಗೋಡೆಗೊಂದು ಹಳೇ ಪಿಯಾನೊ ಮಾತ್ರ ಇತ್ತು!

ಜಗಳಕ್ಕೆ ಹೋದವಳು ಕಾಫಿ ಕುಡಿದು ಬಂದಳು. ಕಾಫಿಯ ಜೊತೆಗೆ, ಅವನು ನುಡಿಸುತ್ತಿದ್ದ ಹಾಡುಗಳ ಗಾಯಕ ಎಜ್ರಾ ಟಿಲ್‌ಮನ್‌ನನ್ನು ಟೇಪಿನಲ್ಲಿ ಕೇಳಿದಳು, ಅವನ ಕಥೆಯನ್ನೂ ಕೇಳಿದಳು.

ಎಜ್ರಾ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಬ್ಲೂಸ್‌ನ ಹಳೇ ಕಾಲದ ಗಾಯಕ. ಹತ್ತಿಹೊಲದ ಊರು ಬಿಟ್ಟು, ರೈಲು ಹತ್ತಿ ಉತ್ತರದ ಪಟ್ಟಣಕ್ಕೆ ಬಂದವನು. ಹಗಲಲ್ಲಿ ಕಸಾಯಿಖಾನೆಯ ಕೂಲಿ, ಸಂಜೆ ಪಿಯಾನೊ.

"ಅವನಿಗಿಂತ ಮುಂಚೆ ಬೀದಿಲಿ, ಬಯಲಲ್ಲಿ ಗಂಟಲು ಹರ್ಕೊಂಡು ಹಾಡ್ತಿದ್ರು. ಇವನು ಮೈಕ್ ಹತ್ರ ಬಂದು, ಪಕ್ಕದಲ್ಲಿ ಕೂತ ಒಬ್ಬರಿಗೇ ಹೇಳೋ ಹಾಗೆ ಮೆತ್ತಗೆ ಹಾಡಿದ. ಬಾಡಿಗೆ ರೂಮಲ್ಲಿ ಒಂಟಿಯಾಗಿದ್ದೋರೆಲ್ಲ ಇದು ನಂಗೇ ಹಾಡಿದ್ದು ಅಂದ್ಕೊಂಡ್ರು. ಆಮೇಲೆ ಬಂದೋರೆಲ್ಲ ಇವನನ್ನ ನೋಡೇ ಕಲಿತಿದ್ದು..."

"ಒಂದೇ ಸಾಲು ಎರಡೆರಡು ಸಲ ಹಾಡ್ತಾನಲ್ಲ, ಯಾಕೆ?"

"ಮೊದಲನೇ ಸಲ ಕೇಳಿಸ್ತೋ ಇಲ್ವೋ ಅಂತ ಅನುಮಾನ ಪಾಪ!"

ಅನಘಾ ನಕ್ಕಳು. ಮೈಸೂರು ಬಿಟ್ಟ ಮೇಲೆ ಹಾಗೆ ನಕ್ಕಿರಲೇ ಇಲ್ಲವೆಂದು ಅವಳಿಗೇ ಆಗ ಹೊಳೆಯಿತು.

ಎಜ್ರಾ ಮೂವತ್ತು ತುಂಬುವ ಮೊದಲೇ ತೀರಿಕೊಂಡನಂತೆ. ಅವನ ಜೊತೆಗಾರ ಸೈಲಸ್, ಎಜ್ರಾನ ಪ್ರತಿ ಸಾಲಿಗೂ ಗಿಟಾರ್‌ನಲ್ಲಿ ಉತ್ತರ ನುಡಿಸುತ್ತಿದ್ದವನು. ಗೆಳೆಯ ಹೋದ ಮೇಲೂ ಅದೇ ಹಾಡುಗಳನ್ನು ನುಡಿಸುತ್ತಿದ್ದ, ಆದರೆ ಎಜ್ರಾ ಹಾಡುವ ಜಾಗ ಬಂದಾಗ ಸುಮ್ಮನಿದ್ದು, ತನ್ನ ಉತ್ತರವನ್ನಷ್ಟೇ ನುಡಿಸುತ್ತಿದ್ದನಂತೆ. ಕೇಳಿ ಅನಘಾಳ ಕಣ್ಣು ತುಂಬಿ ಬಂತು.

ಅಂದಿನಿಂದ ಗೋಡೆಯಾಚೆಯ ಪಿಯಾನೊ ಕೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹುಡುಗಿ ಪ್ರೀತಿಯಲ್ಲಿ ಬಿದ್ದಿದ್ದಳು, ಬೇರೇನಿಲ್ಲ!

ಮುಂದಿನ ಯುಗಾದಿಗೆ ಕನ್ನಡ ಸಂಘದ ಉಷಾ ಆಂಟಿ ಒಂದು ಹಾಡು ಕೊಡಲೇಬೇಕೆಂದು ಇಬ್ಬರಿಗೂ ಗಂಟುಬಿದ್ದರು. ತ್ರಿವಿಕ್ರಮ ಎಜ್ರಾನ ಧಾಟಿಗೆ ತಾನೇ ಕನ್ನಡದ ಮಾತು ಕಟ್ಟಿದ. ಅವನು ಹಾಡಬೇಕು, ಸಾಲಿನ ಕೊನೆಯ ಖಾಲಿ ಜಾಗದಲ್ಲಿ ಪಿಟೀಲು ಉತ್ತರ ಕೊಡಬೇಕು.

ಅಭ್ಯಾಸ ಮಾಡುವಾಗ ಅವಳು ಪಿಯಾನೊ ಪಕ್ಕದಲ್ಲೇ ಕೂರುತ್ತಿದ್ದಳು. ಸಾಲು ಮುಗಿದಾಗ ಅವನು ತಿರುಗಿ ನೋಡುತ್ತಿದ್ದ, ಅವಳು ನುಡಿಸುತ್ತಿದ್ದಳು.

ಹಬ್ಬದ ಹಿಂದಿನ ದಿನ ಅವನು ತಡವರಿಸಿದ. "ಅನಘಾ, ಈ ಹಾಡು ಬರೆದಿದ್ದು ನಿಮಗೇ. ಸಿಡ್ನಿಲಿ ಒಂದು ಕೆಲಸ ಸಿಕ್ಕಿದೆ... ನೀವು ಹೂಂ ಅಂದ್ರೆ ಹೋಗಲ್ಲ. ಬಾಯಲ್ಲಿ ಹೇಳೋದು ಬೇಡ. ನಾಳೆ ಪಿಟೀಲಲ್ಲಿ ಹೇಳಿ. ಇಷ್ಟ ಇಲ್ದಿದ್ರೆ ಸುಮ್ನಿದ್ಬಿಡಿ, ನಾನೇನೂ ಅಂದ್ಕೊಳ್ಳಲ್ಲ."

ಅವಳಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಉತ್ತರವೇನೋ ಎಂದೋ ಸಿದ್ಧವಾಗಿತ್ತು!

ಆದರೆ ಹಬ್ಬ ನಡೆದ ಶಾಲೆಯ ಹಾಲ್‌ನಲ್ಲಿ ಪಿಯಾನೊ ಗೋಡೆಗೆ ಅಂಟಿಕೊಂಡಿತ್ತು. ಅವಳ ಮೈಕ್ ವೇದಿಕೆಯ ನಡುವೆ ಇತ್ತು, ತ್ರಿವಿಕ್ರಮ ಅವಳಿಗೆ ಬೆನ್ನು ಹಾಕಿ ಕುಳಿತ.

'ಬಾಗಿಲು ತೆರೆದೇ ಇದೆ, ಬರುವೆಯಾ ನೀನು...'

ಹಾಡಿ ನಿಲ್ಲಿಸಿದ. ತಿರುಗಲಿಲ್ಲ.

ಅನಘಾ ಕಮಾನು ಎತ್ತಿ ಹಿಡಿದು ಕಾದಳು. ಚಿಕ್ಕಂದಿನಿಂದ ಗುರುಗಳು ತಿದ್ದಿ ತೀಡಿದ ಪಾಠವದು. ಗಾಯಕರು ತಿರುಗಿ ಸನ್ನೆ ಮಾಡುವ ತನಕ ಪಕ್ಕವಾದ್ಯ ಮುಂದೆ ನುಗ್ಗಬಾರದು. ಅದು ದೊಡ್ಡ ಅವಿನಯ.

ಒಂದು ಸಲ ನೋಡಿ... ಒಂದೇ ಒಂದು ಸಲ!

ಅವನು ಅದೇ ಸಾಲನ್ನು ಮತ್ತೆ ಹಾಡಿದ. ಮತ್ತೆ ಖಾಲಿ. ಸಭೆಯಲ್ಲಿ ಯಾರೋ ಕೆಮ್ಮಿದರು.

'ಬಾರದಿದ್ದರೂ ಸರಿಯೇ, ದೀಪ ಆರಿಸೆನು ನಾನು...'

ಹಾಡು ಮುಗಿಯಿತು. ಪಿಟೀಲು ಒಂದು ಸ್ವರವನ್ನೂ ನುಡಿಯಲಿಲ್ಲ.

ಎಲ್ಲರೆದುರು ಗೊಂಬೆಯ ಹಾಗೆ ನಿಲ್ಲಿಸಿಬಿಟ್ಟರಲ್ಲ! ಮನಸ್ಸು ಬದಲಾಗಿದ್ದರೆ ನೇರವಾಗಿ ಹೇಳಬಹುದಿತ್ತು... ಎಂದು ಅವಳು ಅತ್ತಳು. ಸುಮ್ಮನಿದ್ದಳು, ಅಂದರೆ ಇಷ್ಟವಿಲ್ಲ, ಎಂದು ಅವನು ನುಂಗಿಕೊಂಡ. ಆ ವಾರವೇ ಸಿಡ್ನಿಗೆ ಹೊರಟುಹೋದ. ಇಬ್ಬರೂ ಓದಿದವರು, ಒಬ್ಬರಿಗಾದರೂ ಬಾಯಿಬಿಟ್ಟು ಕೇಳುವ ಬುದ್ಧಿ ಬರಲಿಲ್ಲ.

ಗೋಡೆಯಾಚೆ ಈಗ ಸದ್ದಿಲ್ಲ. ಬೇಡವೆಂದು ಜಗಳವಾಡಿದ್ದ ಸದ್ದಿಗಾಗಿಯೇ ಅನಘಾ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು.

ಚಳಿಗಾಲದಲ್ಲಿ ಉಷಾ ಆಂಟಿ ಒಂದು ಹಳೇ ರೆಕಾರ್ಡ್ ತಂದುಕೊಟ್ಟರು. "ತ್ರಿವಿಕ್ರಮ ನಿಂಗೆ ಕೊಡಿ ಅಂತ ಕೊಟ್ಟು ಹೋಗಿದ್ದ ಕಣೇ. ಮನೆ ಶಿಫ್ಟ್ ಮಾಡೋ ಗಲಾಟೇಲಿ ಮರ್ತೇಬಿಟ್ಟಿದ್ದೆ."

ಎಜ್ರಾನ ರೆಕಾರ್ಡ್. ಕವರ್‌ನ ಮೇಲೊಂದು ಮಾಸಿದ ಫೋಟೋ. ಪಿಯಾನೊ ಗೋಡೆಗೆ ತಾಗಿದೆ, ಎಜ್ರಾ ಗೋಡೆಯತ್ತ ಮುಖ ಮಾಡಿದ್ದಾನೆ. ಅವನ ಬೆನ್ನ ಹಿಂದೆ ಸೈಲಸ್, ನೆಲ ನೋಡುತ್ತಾ ಗಿಟಾರ್ ನುಡಿಸುತ್ತಿದ್ದಾನೆ.

ಒಬ್ಬರನ್ನೊಬ್ಬರು ನೋಡುತ್ತಲೇ ಇಲ್ಲ!

ಬ್ಲೂಸ್‌ನಲ್ಲಿ ಸನ್ನೆ ಎಂಬುದೇ ಇಲ್ಲ. ಗಾಯಕ ಸುಮ್ಮನಾದರೆ ಅದೇ ಕರೆ. ಅಂದು ಅವರು ಕರೆದಿದ್ದರು, ಎರಡೆರಡು ಸಲ ಕರೆದಿದ್ದರು... ನಾನೇ ಅವರ ಮುಖಕ್ಕಾಗಿ ಕಾಯುತ್ತಾ ನಿಂತಿದ್ದೆ!

"ಆಂಟಿ, ಅವರ ಸಿಡ್ನಿ ಅಡ್ರೆಸ್ ಕೊಡಿ. ಈಗಲೇ!"

ಶನಿವಾರ ಮಧ್ಯಾಹ್ನ ಸಿಡ್ನಿಯ ಗಿರಾವೀನ್‌ನ ಒಂದು ಮನೆಯ ಮುಂದೆ ಅವಳು ನಿಂತಿದ್ದಳು. ಬೆಲ್ ಒತ್ತಲು ಕೈ ಎತ್ತಿದವಳು ಇಳಿಸಿದಳು. ಏನೆಂದು ಹೇಳುವುದು? ಪಿಟೀಲು ಹೊರತೆಗೆದಳು.

ಅವನ ಸಾಲಿನಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದು ನುಡಿಸಬೇಕಿದ್ದ ಉತ್ತರವನ್ನು ನುಡಿಸಿದಳು.

ಒಳಗೆ ಏನೋ ಬಿದ್ದ ಸದ್ದು.

ಮತ್ತೆ ಸುಮ್ಮನಾದಳು. ಆ ಖಾಲಿ ಜಾಗದಲ್ಲಿ, ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ಧ್ವನಿ ಮೆತ್ತಗೆ ಬಂತು.

'ಬಾಗಿಲು ತೆರೆದೇ ಇದೆ, ಬರುವೆಯಾ ನೀನು...'

ಈ ಸಲ ಅವಳು ಯಾರ ಸನ್ನೆಗೂ ಕಾಯಲಿಲ್ಲ.

ಬಾಗಿಲು ತೆರೆಯಿತು. ತ್ರಿವಿಕ್ರಮನ ಕಣ್ಣು ಒದ್ದೆಯಾಗಿತ್ತು.

"ಹಾಡೋದು ಬಾಗಿಲು ತೆರೆದಿದೆ ಅಂತ, ಇಲ್ಲಿ ನೋಡಿದ್ರೆ ಚಿಲಕ!" ಅಳುತ್ತಲೇ ರೇಗಿದಳು ಅನಘಾ.

"ಅವತ್ತು ಯಾಕೆ..."

"ನೀವು ತಿರುಗಿ ನೋಡ್ತೀರಾ ಅಂತ ಕಾದೆ. ನಮ್ಮಲ್ಲಿ ಹಾಗೇ ಅಲ್ವಾ?"

"ಅಯ್ಯೋ! ನಿಮ್ಮ ಮುಖ ನೋಡೋ ಧೈರ್ಯ ಇರ್ಲಿಲ್ಲ ರೀ ನಂಗೆ..." ಅವನು ತಲೆಯ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಮೆಲ್ಲನೆ ಕೇಳಿದ, "ಅನಘಾ, ನನ್ನ ಮದುವೆ ಆಗ್ತೀರಾ?"

ಅವಳು ಮಾತಾಡಲಿಲ್ಲ. ಅವನ ಮುಖ ಬಾಡಿತು.

"ಯಾಕೆ, ಎಜ್ರಾ ಒಂದೇ ಸಲ ಕೇಳಿ ಬಿಟ್ಟುಬಿಡ್ತಿದ್ನಾ?" ಎಂದಳು ಅನಘಾ, ಕಣ್ಣೊರೆಸಿಕೊಳ್ಳುತ್ತಾ.

ಅವನು ಜೋರಾಗಿ ನಕ್ಕ. "ಅನಘಾ, ನನ್ನ ಮದುವೆ ಆಗ್ತೀರಾ?"

"ಹೂಂ."